ದಂತ್ಯಾಕ್ಷರ ಪ್ರಸಂಗ

ಡಿ.ಎಡ್. ಓದುವಾಗ ಮಕ್ಕಳ ಮನಶ್ಶಾಸ್ತ್ರದಲ್ಲಿ ಇಡೀ ಕಾಲೇಜಿಗೆ ನಾನೇ ಮುಂದು. ಯಾವ ವಯಸ್ಸಿನ ಮಗು ಹೇಗೆ ಯೋಚಿಸುತ್ತದೆ ಎಂದು ಪಿಯಾಜೆ ಹೇಳಿದ್ದನ್ನೆಲ್ಲ ನಡುರಾತ್ರಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಿದ್ದೆ. ಮೂಗಿನೊಳಗೆ ಬಳಪ ತೂರಿಸಿಕೊಂಡು, ಅದನ್ನು ಹೊರಗೆ ತೆಗೆಯುವುದಕ್ಕೆ ಇನ್ನೊಂದು ಬಳಪ ತೂರಿಸುವ ಮಗುವಿನ ವಿಚಾರವಾಗಿ ಮಾತ್ರ ಆ ಮಹಾನುಭಾವ ಒಂದಕ್ಷರವನ್ನೂ ಬರೆದಿಟ್ಟಂತಿಲ್ಲ.

ಟೀಚರ್ ಕೆಲಸದ ಕೌನ್ಸೆಲಿಂಗಿನಲ್ಲಿ ಎಚ್.ಡಿ. ಕೋಟೆ ತಾಲ್ಲೂಕನ್ನು ನಾನೇ ಕೇಳಿ ತೆಗೆದುಕೊಂಡೆ. "ಕೋಟೆನಾ? ಅಲ್ಲಿ ಆನೆ ಬರ್ತವಂತಲ್ಲೇ!" ಎಂದು ಅಮ್ಮ ಎದೆ ಮೇಲೆ ಕೈಯಿಟ್ಟುಕೊಂಡಳು. ನನ್ನ ತಲೆಯಲ್ಲಿದ್ದದ್ದು ಆನೆಯಲ್ಲ, ನಲಿ-ಕಲಿ. 1995ರಲ್ಲಿ ಇದೇ ತಾಲ್ಲೂಕಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಕಲಿಕಾ ಕಾರ್ಡು, ಕಲಿಕಾ ಏಣಿಗಳನ್ನು ನೋಡಿಕೊಂಡು ಬಂದು, ಯುನಿಸೆಫ್ ನೆರವಿನಲ್ಲಿ ನಮ್ಮದೇ ಒಂದು ಬೋಧನಾ ಪದ್ಧತಿ ಕಟ್ಟಿದರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತ್ತು. ಅಂಥ ಮೂಲಸ್ಥಾನಕ್ಕೇ ಹೋಗುತ್ತಿದ್ದೇನೆ ಎಂಬ ಹೆಮ್ಮೆಯಲ್ಲಿ ಹೊಸ ಸೀರೆ ಉಟ್ಟು ಬಸ್ಸು ಹತ್ತಿದೆ. ಸೀರೆಯ ಗತಿ ಏನಾಯಿತೆಂದು ಕೇಳಬೇಡಿ.

ಒಂದು, ಎರಡು, ಮೂರು, ಮೂರೂ ತರಗತಿಗೆ ಒಂದೇ ಕೋಣೆ, ಒಬ್ಬಳೇ ನಾನು. ಮಕ್ಕಳು ಐದು ಗುಂಪು. ಆ ಗುಂಪುಗಳಿಗೆ ಇಲಾಖೆ ಇಟ್ಟ ಹೆಸರು ತಟ್ಟೆ. ಮೊದಲನೇ ತಟ್ಟೆಗೆ ಟೀಚರ್ ಪೂರ್ತಿ ಕಲಿಸಬೇಕು, ಐದನೇ ತಟ್ಟೆಯದು ಸ್ವಕಲಿಕೆ. "ಎಲ್ಲರೂ ನಿಮ್ಮ ನಿಮ್ಮ ತಟ್ಟೆಗೆ ಹೋಗಿ" ಎಂದೆ, ತರಬೇತಿಯಲ್ಲಿ ಹೇಳಿಕೊಟ್ಟಿದ್ದ ನಗುಮುಖದಲ್ಲಿ. ಒಂದನೇ ತರಗತಿ ಎದ್ದುಬಿದ್ದು ಅಡುಗೆಕೋಣೆಗೆ ಓಡಿ ಬಿಸಿಯೂಟದ ತಟ್ಟೆ ಹಿಡಿದು ಸಾಲಾಗಿ ನಿಂತಿತು. ಗಂಟೆ ಹತ್ತೂಕಾಲು. ಅಡುಗೆಯಕ್ಕ ಇನ್ನೂ ಅಕ್ಕಿ ಆರಿಸುತ್ತಿದ್ದಳು. ಅವಳು ಅವತ್ತು ನನ್ನನ್ನು ನೋಡಿದ ನೋಟದಲ್ಲಿ ನನ್ನ ಇಡೀ ವರ್ಷದ ಭವಿಷ್ಯ ಇತ್ತು.

ಅದೇ ವಾರ ಒಬ್ಬ ತಾತ ಮೊಮ್ಮಗನ ಸ್ಲೇಟು ಹಿಡಿದು ಬಂದರು. "ಏನವ್ವಾ ಟೀಚರಮ್ಮ, ಅಕ್ಷರ ಅಂದ್ರೆ ಅ ಇಂದ ಸುರು ಆಗ್ಬೇಕು. ನೀವು ರ ಅಂತೀರಿ, ಗ ಅಂತೀರಿ, ಅ ನ ತಕಂಡೋಗಿ ಬಾಲಕ್ಕೆ ಕಟ್ಟಿದ್ದೀರಿ!" ನಲಿ-ಕಲಿಯಲ್ಲಿ ಮೊದಲು ಬರುವುದು ರ ಗ ಸ ದ ಅ. ಬರೆಯಲು ಸುಲಭ, ಐದೇ ಅಕ್ಷರಕ್ಕೆ ಪದಗಳು ಹುಟ್ಟುತ್ತವೆ. ನೆಲದಲ್ಲೇ ಬರೆದು ತೋರಿಸಿದೆ: ಸರ, ಅಗಸ, ಗರಗಸ, ಅರಸ, ದಸರ. ತಾತ ಕೊನೆಯ ಎರಡರ ಮೇಲೆ ಕೋಲೂರಿ ನಿಂತರು. "ಅರಸೂ ಬಂದ, ದಸರಾನೂ ಬಂತು. ಇನ್ನೇನು, ಮೈಸೂರೇ ಬಂದಂಗಾಯ್ತು ಬುಡಿ" ಎಂದು ಸಮಾಧಾನವಾಗಿ ಹೊರಟರು. ಇಲಾಖೆಯ ಪರವಾಗಿ ನಾನು ಗೆದ್ದ ಮೊದಲ ವ್ಯಾಜ್ಯ ಅದು. ಕೊನೆಯದೂ ಅದೇ.

ಏಕೆಂದರೆ ಈ ಐದಕ್ಷರದಲ್ಲಿ ಒಂದು ಹುಳುಕಿದೆ. ವ್ಯಾಕರಣ ಓದಿದವರಿಗೆ ಗೊತ್ತು, ದ ಮತ್ತು ಸ ದಂತ್ಯಗಳು, ನಾಲಿಗೆ ಹಲ್ಲಿನ ಆಸರೆ ಹಿಡಿದೇ ಹುಟ್ಟಬೇಕು. ಮಗು ಒಂದನೇ ತರಗತಿಗೆ ಸೇರುವುದು ಆರನೇ ವರ್ಷಕ್ಕೆ. ಇಪ್ಪತ್ತು ಹಾಲುಹಲ್ಲಿನಲ್ಲಿ ಮುಂದಿನವು ಅಲುಗಾಡಲು ಶುರುವಾಗುವುದೂ ಆಗಲೇ. ಇಲಾಖೆಯೂ ಪ್ರಕೃತಿಯೂ ಪರಸ್ಪರ ಒಂದು ಸುತ್ತೋಲೆಯನ್ನಾದರೂ ಕಳಿಸಿಕೊಳ್ಳಬಾರದಿತ್ತೆ? ನನ್ನ ತರಗತಿಯಲ್ಲಿ ಅರಸ ಅರಥನಾದ, ಗರಗಸ ಗರಗಥವಾಯಿತು, ದಸರೆಯ ಅವಸ್ಥೆ ನೋಡಿದ್ದರೆ ಅಂಬಾರಿಯೇ ತಲೆ ತಗ್ಗಿಸುತ್ತಿತ್ತು. ನಾನು ಛಲ ಬಿಡದೆ "ನಾಲಿಗೆ ಹಲ್ಲಿಗೆ ತಾಗಿಸು, ಕಂದ" ಎನ್ನುತ್ತಿದ್ದೆ. ಕಂದ ಬಾಯಿ ತೆರೆದು, ತಾಗಿಸಲು ಅಲ್ಲೇನೂ ಇಲ್ಲವೆಂಬುದನ್ನು ತೋರಿಸುತ್ತಿತ್ತು.

ದಸರಾ ರಜೆಗೆ ಮುಂಚಿನ ದಿನಗಳು. ಆದಿವಾಸಿ ಹಾಡಿಯಿಂದ ಬರುವ ಎರಡು ಜಡೆಯ ಹುಡುಗಿ ಎರಡನೇ ತರಗತಿಯವಳು. ಮಾತೇ ಆಡದವಳು. ಅವತ್ತು ಎದ್ದು ಬಂದು ಸ್ಲೇಟನ್ನು ನನ್ನ ಮಡಿಲಲ್ಲಿಟ್ಟಳು. ಸ್ಲೇಟಿನ ಮೇಲೆ ದುಂಡಗೆ ಬರೆದ ಸ. ಅದರ ಹೊಟ್ಟೆಯೊಳಗೆ ಒಂದು ಹಲ್ಲು.

ನಾನು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತೆರೆದು ಹತ್ತಿ ಹುಡುಕತೊಡಗಿದೆ. ಮಕ್ಕಳು ನನ್ನನ್ನು ಕನಿಕರದಿಂದ ನೋಡಿದವು.

"ಹತ್ತಿ ಯಾಕ್ ಮಿಸ್? ಸಗಣಿ ಬೇಕು."

ಬಿದ್ದ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಮನೆ ಮೇಲೆ ಎಸೆಯದಿದ್ದರೆ ಹೊಸ ಹಲ್ಲು ಚೆನ್ನಾಗಿ ಬರುವುದಿಲ್ಲ ಎಂಬುದು ನನಗೂ ಗೊತ್ತಿದ್ದ ವಿಷಯವೇ. ಎಷ್ಟು ಗೊತ್ತಿಲ್ಲ ಎಂಬುದು ಆಮೇಲೆ ತಿಳಿಯಿತು. ಐದೂ ತಟ್ಟೆಗಳು ಒಂದಾಗಿ ಕುಳಿತವು. ತರಬೇತಿಯಲ್ಲಿ ಇಂಥ ಗುಂಪು ಚಟುವಟಿಕೆಯ ಚಿತ್ರ ತೋರಿಸಿದ್ದರು, ನನ್ನ ಕೋಣೆಯಲ್ಲಿ ಅದು ನಡೆದದ್ದು ಅವತ್ತೇ. ಮೊದಲ ಪ್ರಶ್ನೆ, ಯಾವ ಸಗಣಿ? ಎಮ್ಮೆಯದು ಆಗಾಕಿಲ್ಲ, ಹಲ್ಲು ಕರ್ರಗೆ ಬತ್ತದೆ. ಸೀಮೆಹಸುವಿನದು? ಇಲ್ಲಿ ಎರಡು ಪಕ್ಷವಾಯಿತು. ಹಲ್ಲು ದಪ್ಪಗೆ ಬರುತ್ತದೆ ಎಂದು ಒಬ್ಬ, ಬಂದರೇನಂತೆ ಎಂದು ಇನ್ನೊಬ್ಬ. ಕೊನೆಗೆ ನಾಟಿ ಹಸುವೇ ಆಗಬೇಕೆಂದು ತೀರ್ಮಾನ. ಅದೂ ಇವತ್ತಿನದು. ನಿನ್ನೆಯದು ಒಡೆದುಹೋಗ್ತದೆ ಮಿಸ್. ಸ್ವಕಲಿಕೆ ತಟ್ಟೆಯ ಇಬ್ಬರು ನನ್ನ ಅಪ್ಪಣೆಗೂ ಕಾಯದೆ ಓಡಿ, ತೇಗದ ಎಲೆಯಲ್ಲಿ ಬಿಸಿಬಿಸಿಯದನ್ನೇ ತಂದರು. ಹತ್ತು ಹಲ್ಲಿಗೆ ಸಾಲುವಷ್ಟಿತ್ತು.

ಎರಡನೆಯ ಪ್ರಶ್ನೆ, ಎಲ್ಲಿಗೆ ಎಸೆಯುವುದು? ನಮ್ಮ ಕೋಣೆಗೆ ತಾರಸಿ. ತಾರಸಿ ಲೆಕ್ಕಕ್ಕಿಲ್ಲ, ಹಂಚೇ ಬೇಕು. ಇಡೀ ಶಾಲೆಯಲ್ಲಿ ಹಂಚಿರುವುದು ಅಡುಗೆಕೋಣೆಗೆ ಮಾತ್ರ. ಮೆರವಣಿಗೆ ಹೊರಟಿತು. ಮುಂದೆ ಹಲ್ಲಿನ ಒಡತಿ, ಹಿಂದೆ ಸಗಣಿ, ಅದರ ಹಿಂದೆ ಕರ್ನಾಟಕ ಸರ್ಕಾರದ ಪ್ರತಿನಿಧಿಯಾಗಿ ನಾನು. ಬಾಗಿಲಲ್ಲಿ ಅಡುಗೆಯಕ್ಕ ಸೌಟು ಅಡ್ಡ ಹಿಡಿದಳು.

"ನನ್ ಸಾರಿನ್ ನೆತ್ತಿ ಮೇಲೆ ಸಗಣಿಯಾ? ಮಕ್ಕಳಿಗೆ ಬುದ್ಧಿ ಇಲ್ಲ, ಸರಿ. ನಿಮಗೇನಾಗದೆ ಮಿಸ್?"

ಸಂಧಾನ ನಡೆಯಿತು. ಒಲೆಯ ಮೇಲಿನ ಭಾಗ ಬೇಡ, ಸೌದೆ ಒಟ್ಟಿದ ಹಿಂದಿನ ಮಗ್ಗುಲು ಆಗಬಹುದು. ಮೊದಲ ಎಸೆತದ ಗೌರವ ನನಗೆ ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈ ಹಿಂದಕ್ಕೆ ಎಳೆದು, ಹೈಸ್ಕೂಲಿನ ಥ್ರೋಬಾಲ್ ತಂಡವನ್ನು ನೆನೆದು ಬೀಸಿದೆ. ಉಂಡೆ ಸೂರಿನ ಅಂಚಿಗೆ ಬಡಿದು, ಒಂದು ಕ್ಷಣ ಯೋಚಿಸಿ, ನನ್ನ ಚಪ್ಪಲಿಯ ಪಕ್ಕಕ್ಕೇ ವಾಪಸ್ಸಾಯಿತು. ಮತ್ತೆ ಬೀಸಿದೆ. ಅದು ಸೌದೆಯೊಳಕ್ಕೆ ಹೋಯಿತು. ಹುಡುಕಿ ತಂದರು. ಹಲ್ಲು ಒಳಗಿದೆಯೇ ಎಂದು ಬಿಡಿಸಿ ನೋಡಿ ಮತ್ತೆ ಸುತ್ತಿದರು. "ವಾಪಸ್ ಬಂದ್ರೆ ಹಲ್ಲೇ ಹುಟ್ಟಾಕಿಲ್ವಂತೆ" ಎಂದು ಮೂರನೇ ತರಗತಿಯ ಒಬ್ಬ ಸ್ಥಳದಲ್ಲೇ ಶಾಸ್ತ್ರ ಹುಟ್ಟಿಸಿದ. ಎರಡು ಜಡೆಯವಳ ತುಟಿ ನಡುಗಿತು. ಅಡುಗೆಯಕ್ಕನಿಗೆ ಅಷ್ಟು ಸಾಕಾಯಿತು. ಸೌಟನ್ನು ನನ್ನ ಕೈಗೆ ಕೊಟ್ಟಳು, ಉಂಡೆಯನ್ನು ಎಡಗೈಯಲ್ಲಿ ತೂಗಿ ನೋಡಿದಳು, ಮೇಲಕ್ಕೂ ನೋಡದೆ ಎಸೆದಳು. ಹಂಚಿನ ನೆತ್ತಿಯಲ್ಲಿ ಪಚ್ ಎಂದು ಕೂತಿತು. ಊರೇ ತಿರುಗಿ ನೋಡುವಷ್ಟು ಚಪ್ಪಾಳೆ. ಅವಳು ಸೋಪು ಹಚ್ಚಿ ಕೈ ತೊಳೆದಳೇ ಎಂದು ನಿಂತು ನೋಡಿದೆ. ಅಧಿಕಾರವೆಂದು ನನಗೆ ಉಳಿದಿದ್ದದ್ದು ಅಷ್ಟೇ.

ದಿನಚರಿಯಲ್ಲಿ "ಪರಿಸರ ಅಧ್ಯಯನ: ನನ್ನ ದೇಹ" ಎಂದು ಬರೆದೆ. ಮರುದಿನದಿಂದ ಅರ್ಧ ತರಗತಿ ಬಾಯಲ್ಲಿ ಬೆರಳಿಟ್ಟು ಗಟ್ಟಿಯಾಗಿದ್ದ ಹಲ್ಲುಗಳನ್ನೂ ಅಲ್ಲಾಡಿಸತೊಡಗಿತು.

ಉಳಿದ ವರ್ಷ ಹೇಗೋ ಕಳೆಯಿತು. ಪ್ರತಿಭಾ ಕಾರಂಜಿಯಲ್ಲಿ ನಮ್ಮ ಛದ್ಮವೇಷದ ಗಾಂಧೀಜಿ ವೇದಿಕೆಯ ಮೇಲೆ ಒಂದಕ್ಕೆ ಹೋಗಬೇಕೆಂದ. ಜಂತುಹುಳದ ಮಾತ್ರೆಯನ್ನು ಚೀಪಿ, ಇನ್ನೊಂದು ಕೊಡಿ ಎಂದು ಒಬ್ಬಳು ಅತ್ತಳು. ಮತ್ತೆ ಅಂಕಿಅಂಶ. ತಲೆಗೆ 18 ಗ್ರಾಂ ಹಾಲಿನ ಪುಡಿ, 150 ಮಿಲಿಲೀಟರ್ ಹಾಲು, ಕುಡಿದವರೆಷ್ಟು, ಕುಡಿಯದವರೆಷ್ಟು, ಇವತ್ತೇ ಬೇಕು, ಈಗಲೇ ಬೇಕು, ಫೋಟೋ ಸಮೇತ ಬೇಕು. ಮಗು ಹಾಲು ಕುಡಿಯುವಾಗ ಮೀಸೆ ಬಂದದ್ದನ್ನು ನೋಡಿ ನಗಲೂ ಬಿಡುವಿಲ್ಲದೆ ಅದರ ಫೋಟೋ ತೆಗೆಯುತ್ತಿದ್ದೆ. ಇದನ್ನೆಲ್ಲ ತರಿಸಿಕೊಳ್ಳುವವರು ಯಾರೋ, ಆ ಫೋಟೋಗಳನ್ನು ಎಲ್ಲಿ ನೇತುಹಾಕಿದ್ದಾರೋ.

ಡಿಸೆಂಬರಿನಲ್ಲಿ ಹಾಡಿಯ ಮಕ್ಕಳ ಸಾಲು ಖಾಲಿಯಾಯಿತು. ಹುಡುಕಿಕೊಂಡು ಹೋದರೆ ಬಹಳಷ್ಟು ಮನೆಗಳಿಗೆ ಅಗಳಿ. ಒಬ್ಬ ಅಜ್ಜಿ ಬಿಸಿಲಿಗೆ ಕೂತಿದ್ದಳು. "ಕೊಡಗಿಗೆ ಕಾಪಿ ಕುಯ್ಯಾಕೆ ಹೋದ್ರು ಕಣವ್ವ. ಮಕ್ಕಳ ಇಲ್ಲಿ ಯಾರು ನೋಡ್ಕತಾರೆ? ಸಿವರಾತ್ರಿ ಕಳದು ಬತ್ತಾರೆ." ಹಾಜರಿ ಪುಸ್ತಕದಲ್ಲಿ ದಿನಾ ಅವರ ಹೆಸರಿನ ಮುಂದೆ ಗೈರು ಹಾಕುವಾಗ ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಗೊತ್ತಾಗದ್ದರಿಂದ ಪೆನ್ನಿನ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಗೈರುಹಾಜರಿಗೆ ಕಾರಣ ಬರೆದು ಕಳಿಸಿ ಎಂಬ ಫೋನು ಬೇರೆ. ಕಾಫಿ ಹಣ್ಣಾಗಿದೆ ಎಂದು ಬರೆದೆ. ವಾಪಸ್ಸು ಬಂತು. ಕಲಿಕಾ ಏಣಿಯ ಒಂದು ಗುಣವನ್ನು ಮಾತ್ರ ಮೆಚ್ಚಬೇಕು. ಬಿಟ್ಟುಹೋದ ಮಗುವಿನ ಮೆಟ್ಟಿಲು ಅಲ್ಲೇ ಇರುತ್ತದೆ. ಬಂದ ದಿನ ಅದೇ ಕಾರ್ಡು ಎತ್ತಿಕೊಂಡು ಮುಂದುವರಿಸಬಹುದು. ಇದನ್ನು ಕಟ್ಟಿದ ಮೇಷ್ಟ್ರುಗಳು ಇದೇ ತಾಲ್ಲೂಕಿನವರು ಎಂಬುದು ನನಗೆ ಆಗ ಹೊಸದಾಗಿ ಅರ್ಥವಾಯಿತು.

ಮಾರ್ಚಿನಲ್ಲಿ ಎರಡು ಜಡೆಯವಳು ಬಂದಳು, ತಾನೇ ತನ್ನ ಕಾರ್ಡು ಹುಡುಕಿಕೊಂಡು ಕೂತು "ದಸರ" ಎಂದು ಓದಿದಳು. ದ ದ-ವಾಗಿತ್ತು, ಸ ಸ-ವಾಗಿತ್ತು. ಎಲ್ಲಿ ಬಾಯಿ ತೆಗಿ ಎಂದೆ. ಮುಂದೆ ಎರಡು ಹೊಸ ಹಲ್ಲು, ಒಂದು ನೆಟ್ಟಗೆ, ಇನ್ನೊಂದು ಪಕ್ಕಕ್ಕೆ ತಿರುಗಿದೆ. ಎಂದೂ ಮಾತಾಡದವಳು ತಾನಾಗಿಯೇ ವಿವರಿಸಿದಳು.

"ಇದು ಅಲ್ಲಿ ಬಿತ್ತು ಮಿಸ್. ಲೈನ್ ಮನೆಗೆ ಹಂಚಿಲ್ಲ, ಸೀಟು. ಎಸುದ್ರೆ ಜಾರ್ಕಂಡು ಜಾರ್ಕಂಡು ಕೆಳಿಕ್ ಬತ್ತದೆ. ಅದ್ಕೇ ಸೊಟ್ಟ."

"ಮತ್ತೆ ಈ ಕಡೆಯದು?"

"ಅದು ಅಡುಗೆಯಕ್ಕ ಎಸ್ದಿದ್ದು. ನೆಟ್ಟಗೈತೆ." ಆಮೇಲೆ ನನ್ನ ಮುಖ ನೋಡಿ, ಬೇಜಾರಾದೀತೆಂದು ದನಿ ತಗ್ಗಿಸಿ ಸೇರಿಸಿದಳು: "ನೀವ್ ಎಸ್ದಿದ್ರೆ ಎಂಗ್ ಬರ್ತಿತ್ತೋ ಗೊತ್ತಿಲ್ಲ ಮಿಸ್."