ತುಂಗಭದ್ರೆಯ ಗೆಂಡೆ ಮೀನಿಗೆ ಒಂದು ಬಹಿರಂಗ ಪತ್ರ

ಹರಿಹರದ ತುಂಗಭದ್ರೆಯಲ್ಲಿ ಸಕುಟುಂಬರಾಗಿ ನೆಲಸಿರುವ ಸಾಮಾನ್ಯ ಗೆಂಡೆ ಮೀನಿನವರ ಸನ್ನಿಧಾನಕ್ಕೆ,

ಮಹಾಶಯರೇ,

ತಮಗೆ ಪಾದಗಳಿಲ್ಲದ ಕಾರಣ ಪಾದಾರವಿಂದಗಳಿಗೆ ಎರಗುವ ಸಂಪ್ರದಾಯವನ್ನು ಬಿಟ್ಟು, ತಮ್ಮ ಬಾಯಿಯ ಇಕ್ಕೆಲಗಳಲ್ಲಿ ಶೋಭಿಸುವ ಎರಡು ಜೊತೆ ಮೀಸೆಗಳಿಗೇ ನಮಸ್ಕರಿಸಿ ಬಿನ್ನವಿಸಿಕೊಳ್ಳುತ್ತೇನೆ. ತಾವು ಪರದೇಶದ ಆಕ್ರಮಣಕಾರರೆಂದೂ, ತಮ್ಮನ್ನು ಹಿಡಿದು ಯಾವುದಾದರೊಂದು ಉಪಯೋಗಕ್ಕೆ ತರತಕ್ಕದ್ದೆಂದೂ ದಾವಣಗೆರೆಯ ಹಿತಚಿಂತಕರು ಬೆಣ್ಣೆದೋಸೆಯ ಮುಂದೆ ಕುಳಿತು ಚಿಂತಿಸುತ್ತಿರುವುದು ತಮಗೆ ತಿಳಿದುಬಂದಿದ್ದರೆ ಗಾಬರಿಗೊಳ್ಳಬೇಡಿ. ತಮಗೆ ಇದಕ್ಕಿಂತ ಶುಭವಾರ್ತೆ ಮತ್ತೊಂದಿಲ್ಲ.

ತಾವೇನು ದಂಡೆತ್ತಿ ಬಂದವರೆ? 1939ರಲ್ಲಿ ಸಿಂಹಳದಿಂದ ನೀಲಗಿರಿಗೆ ಒಂದು ಶಾಖೆಯನ್ನೂ, 1957ರಲ್ಲಿ ಬ್ಯಾಂಕಾಕಿನಿಂದ ಮತ್ತೊಂದನ್ನೂ ಆದರಪೂರ್ವಕವಾಗಿ ಕರೆತಂದವರು ನಾವೇ. ಕಾಟ್ಲಾ, ರೋಹುಗಳು ಮೊಟ್ಟೆಯಿಡಲು ಹರಿಯುವ ಹೊಸನೀರನ್ನು ಬಯಸಿದರೆ, ನಿಂತ ಕೆರೆಯಲ್ಲಿಯೇ ಕಿಲೋ ತೂಕಕ್ಕೆ ಲಕ್ಷದ ಲೆಕ್ಕದಲ್ಲಿ ಮೊಟ್ಟೆಯಿಡುವ ತಮ್ಮ ಔದಾರ್ಯವನ್ನು ಕಂಡು ಮಾರುಹೋಗಿ, ಕೆರೆಕೆರೆಗೂ ತಮ್ಮ ಮರಿಗಳನ್ನು ಬಿತ್ತಿದವರೂ ನಾವೇ. ಸೂಳೆಕೆರೆಯ ಕೋಡಿಯ ನೀರು ಹರಿದ್ರಾ ಹಳ್ಳವಾಗಿ ಹರಿದು ಹರಿಹರದ ಬಳಿ ಹೊಳೆಯನ್ನು ಕೂಡುವ ಈ ಸೀಮೆಯಲ್ಲಿ, ಕೆರೆಯ ಮೀನು ಕೆರೆಯಲ್ಲಿಯೇ ಇರತಕ್ಕದ್ದೆಂಬ ಸುತ್ತೋಲೆಯನ್ನು ಮಳೆಗಾಲಕ್ಕೆ ಯಾರು ತಲುಪಿಸಬೇಕಾಗಿತ್ತು?

ತಾವು ನಿರ್ದೋಷಿಗಳೆಂದು ನಾನು ಹೇಳಲಾರೆ. ಮುಂಚಾಚುವ ತುಟಿಗಳಿಂದ ತಳದ ಕೆಸರನ್ನು ಹೀರಿ, ಹುಳುವನ್ನು ನುಂಗಿ, ಮಣ್ಣನ್ನು ಉಗುಳಿ, ಜಲಸಸ್ಯಗಳ ಬೇರನ್ನು ಕಿತ್ತು, ನೀರನ್ನು ರಾಡಿಮಾಡುತ್ತೀರಿ. ಬೆನ್ನಿನ ಮೇಲಣ ಗರಗಸದಂಥ ಮುಳ್ಳು ಬಲೆಯ ಕಣ್ಣಿಗೆ ತೊಡರಿಕೊಂಡರೆ, ಹರಿಗೋಲಿನಲ್ಲಿ ಕುಳಿತ ಬೆಸ್ತನು ಅದನ್ನು ಬಿಡಿಸುವಷ್ಟರಲ್ಲಿ ಬಲೆಯೂ ಹರಿಯುತ್ತದೆ, ಬೆರಳೂ ಹರಿಯುತ್ತದೆ. ಆದರೂ ರಾಡಿಯ ವಿದ್ಯೆಯಲ್ಲಿ, ಮರಳು ಬಗೆಯುವ ಮತ್ತು ಚರಂಡಿ ತಿರುಗಿಸುವ ನಮ್ಮನ್ನು ಮೀರಿಸುವುದು ತಮ್ಮಿಂದಾಗದು.

ಇನ್ನು ಉಪಯೋಗದ ವಿಚಾರ. ಆಸ್ಟ್ರೇಲಿಯದಲ್ಲಿ ತಮ್ಮವರನ್ನು ದ್ರವಗೊಬ್ಬರವಾಗಿಸಿ ಮಾರುತ್ತಾರೆ. ಅಮೆರಿಕದ ಇಲಿನಾಯ್ ಸಂಸ್ಥಾನದವರು ತಮ್ಮ ದಾಯಾದಿಗಳಾದ ಬೆಳ್ಳಿಗೆಂಡೆ, ಹುಲ್ಲುಗೆಂಡೆಗಳಿಗೆ 2022ರಲ್ಲಿ ಮರುನಾಮಕರಣ ಮಾಡಿ ಹೋಟೆಲುಗಳ ತಟ್ಟೆಗೆ ಏರಿಸಿದರು. ನಾವೂ ತಮ್ಮನ್ನು ಮೆಕ್ಕೆಜೋಳದ ಹೊಲಕ್ಕೆ ಗೊಬ್ಬರವಾಗಿ, ಕೋಳಿಗೆ ಮೇವಾಗಿ, ಜಾಡಿಗೆ ಉಪ್ಪಿನಕಾಯಿಯಾಗಿ ಉದ್ಧರಿಸಬಹುದು. ಉದ್ಧಾರವಾದ ಮರುದಿನವೇ ತಮಗೊಂದು ಧಾರಣೆ ಗೊತ್ತಾಗುವುದು. ಧಾರಣೆ ಬಂದೊಡನೆ ಗುತ್ತಿಗೆದಾರರು ಬರುವರು. ಹೊಳೆಯಲ್ಲಿ ತಾವು ಕಡಮೆಯಾದಿರೆಂದು ಅವರೇ ಅಹವಾಲು ಸಲ್ಲಿಸಲು, ಸರಕಾರವು ಕನಿಕರಗೊಂಡು ಮರಿಗಳನ್ನು ಮತ್ತೆ ಬಿಡಿಸುವುದು. ಆಫ್ರಿಕದ ಕ್ಯಾಟ್‌ಫಿಶ್ ಸಾಕಣೆಯನ್ನು 2000ದಲ್ಲಿ ಕೇಂದ್ರ ಸರಕಾರವೇ ನಿಷೇಧಿಸಿದರೂ ಅದು ಹೊಂಡಗಳಲ್ಲಿ ಕೊಬ್ಬುತ್ತಲೇ ಇರುವುದು ಯಾವ ಮಂತ್ರಬಲದಿಂದ? ಕೊಳ್ಳುವವರಿರುವವರೆಗೆ ಗಡೀಪಾರಿಲ್ಲ.

ಹರಿಯ ಪ್ರಥಮಾವತಾರವೇ ಮತ್ಸ್ಯವಾಗಿರುವಾಗ, ಹರಿಹರೇಶ್ವರನ ಊರಿನಲ್ಲಿ ತಮ್ಮ ಕುಲದ ಪ್ರತಿಷ್ಠೆ ಮೊದಲೇ ದೊಡ್ಡದು. ಅದಕ್ಕೆ ಮಾರುಕಟ್ಟೆಯ ಆಶೀರ್ವಾದವೂ ಸೇರಿತೆಂದರೆ ತಮ್ಮನ್ನು ಕದಲಿಸುವವರಾರು? ತಾವು ಅಂಜಬೇಕಾದದ್ದು ಬಾಣಲೆಗಲ್ಲ. ಬಲೆಗೆ ಬಿದ್ದಷ್ಟು ಗೆಂಡೆಯನ್ನು ತಿನ್ನೋಣ, ಹೊಸ ಮರಿಯನ್ನು ಮಾತ್ರ ಬಿಡುವುದು ಬೇಡ, ಕೆರೆಗಳಿಗೆ ನಮ್ಮ ಹೊಳೆಯ ಮೀನುಗಳನ್ನೇ ಬಿತ್ತೋಣ ಎಂದು ಯಾವನಾದರೂ ಅಧಿಕಾರಿ ಟಿಪ್ಪಣಿ ಬರೆದರೆ, ಅಂದು ಅಂಜಿರಿ. ಅಂಥ ಕಡತ ಮೇಜಿನಿಂದ ಮೇಜಿಗೆ ಈಜುವ ವೇಗವನ್ನು ಬಲ್ಲ ನಾನು, ತಮಗೆ ದೀರ್ಘಾಯುಷ್ಯವನ್ನು ನಿಶ್ಚಿಂತೆಯಿಂದ ಹಾರೈಸಬಲ್ಲೆ.

ಇಂತು ತಮ್ಮ ವಿಧೇಯ,
ತಾವು ಕದಡಿದ ನೀರನ್ನೇ ನಲ್ಲಿಯಲ್ಲಿ ಹಿಡಿದು ಕುಡಿಯುವ ದಾವಣಗೆರೆಯ ಒಬ್ಬ ನಿವಾಸಿ