ಪ್ರವಾಸಿಯ ದಿಕ್ಕು

ಮುಂಬಯಿಗೆ ಹೊಸದಾಗಿ ಹೋಗುವವರು ಕೇಳುವ ಮೊದಲ ಪ್ರಶ್ನೆ, ಓಡಾಡಲು ಯಾವುದು ವಾಸಿ, ಲೋಕಲ್ ರೈಲೋ ಟ್ಯಾಕ್ಸಿಯೋ ಮೆಟ್ರೋನೋ ಎಂಬುದು. ಬಲ್ಲವರು ಒಂದೊಂದು ವಾಹನದ ಪಕ್ಷ ಹಿಡಿದು ವಾದಕ್ಕೆ ನಿಲ್ಲುತ್ತಾರೆ. ನನ್ನ ಮಟ್ಟಿಗೆ ಅಲ್ಲಿ ಮೊದಲು ಆರಿಸಿಕೊಳ್ಳಬೇಕಾದದ್ದು ದಿಕ್ಕು. ವಾಹನ ಆಮೇಲಿನ ಮಾತು. ಮುಂಬಯಿ ಸಮುದ್ರಕ್ಕೆ ನಾಲಗೆ ಚಾಚಿದ ಹಾಗೆ ಉತ್ತರ ದಕ್ಷಿಣವಾಗಿ ಬೆಳೆದ ಊರು. ಬಂದರು ಹುಟ್ಟಿದ್ದು ದಕ್ಷಿಣದಲ್ಲಿ. ಅದರ ಬೆನ್ನಿಗೇ ಕೋಟೆ, ಬ್ಯಾಂಕು, ಕಚೇರಿ, ಹೈಕೋರ್ಟು. 1853ರಲ್ಲಿ ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಠಾಣೆಗೆ ಹೊರಟಿತು. ಆಮೇಲೆ ರೈಲಿನ ಹಿಂದೆಯೇ ಜನರ ಮನೆಗಳೂ ಉತ್ತರಕ್ಕೆ ಸರಿದವು, ಕೆಲಸ ಮಾತ್ರ ಬಹುಕಾಲ ದಕ್ಷಿಣದಲ್ಲೇ ಕೂತಿತು. ಹಾಗಾಗಿ ಬೆಳಗ್ಗೆ ಊರಿಗೆ ಊರೇ ದಕ್ಷಿಣಕ್ಕೆ ನುಗ್ಗುತ್ತದೆ, ಸಂಜೆ ಉತ್ತರಕ್ಕೆ.

ಈ ಊರಿನಲ್ಲಿ ಹತ್ತು ಗಂಟೆಯೊಳಗೆ ಎಲ್ಲಿಗೂ ಮುಟ್ಟಬೇಕಾಗಿಲ್ಲದವನು ಪ್ರವಾಸಿ. ಆ ನಿರುದ್ಯೋಗವೇ ಅವನ ಬಂಡವಾಳ: ಜನ ನುಗ್ಗುವ ದಿಕ್ಕಿಗೆ ಎದುರಾಗಿ ಹೋಗಬಹುದು. ದಕ್ಷಿಣದ ಕೊಲಾಬಾದಲ್ಲಿ ಇಳಿದುಕೊಂಡರೆ ಗೇಟ್‌ವೇ, ಮ್ಯೂಸಿಯಂಗಳನ್ನು ಕಾಲ್ನಡಿಗೆಯಲ್ಲೇ ಮುಗಿಸಬಹುದು. ಕಾನ್ಹೇರಿ ಗುಹೆ ನೋಡಲು ಬೋರಿವಲಿಗೆ ಹೋಗಬೇಕೆ? ಬೆಳಗ್ಗೆ ಚರ್ಚ್‌ಗೇಟಿಗೆ ಬಂದ ಲೋಕಲ್ ಜನರನ್ನೆಲ್ಲ ಪ್ಲಾಟ್‌ಫಾರಮ್ಮಿಗೆ ಸುರಿದು ಉತ್ತರಕ್ಕೆ ಹೊರಡುವಾಗ ಕಿಟಕಿ ಪಕ್ಕ ಆರಾಮಾಗಿ ಕೂರಬಹುದು. ಅದೇ ಸಂಜೆ ಚರ್ಚ್‌ಗೇಟಿನಲ್ಲಿ, ಗಾಡಿ ನಿಲ್ಲುವ ಮೊದಲೇ ಒಳಗೆ ಹಾರಿ ಸೀಟು ಹಿಡಿಯುವ ವಿದ್ಯೆ ಗೊತ್ತಿದ್ದವರಿಗಷ್ಟೇ ಜಾಗ. ಒಳಗೂ ನಿಯಮಗಳಿವೆ. ಇಳಿಯುವ ಸ್ಟೇಷನ್ನಿಗೆ ಮುಂಚೆಯೇ ಬಾಗಿಲ ಕಡೆ ಸರಿಯುತ್ತ, ಮುಂದಿರುವವನ ಬೆನ್ನು ತಟ್ಟಿ 'ಉತರ್‌ನಾ ಹೈ ಕ್ಯಾ?' (ಇಳಿಯೋದಿದೆಯಾ?) ಎಂದು ವಿಚಾರಿಸಬೇಕು. ಸಂಜೆ ವಿರಾರ್ ಫಾಸ್ಟ್ ಹತ್ತಿ ಬೋರಿವಲಿಯಲ್ಲಿ ಇಳಿಯಹೊರಟವನಿಗೆ, ಇನ್ನೂ ದೂರ ಹೋಗಬೇಕಾದ ವಿರಾರಿನವರು ಪುಕ್ಕಟೆ ನೀತಿಬೋಧೆ ಮಾಡುತ್ತಾರೆ.

ಫಸ್ಟ್ ಕ್ಲಾಸ್ ಇದೆಯಲ್ಲ ಎನ್ನುವವರಿದ್ದಾರೆ. ಅಲ್ಲೂ ಅದೇ ನೂಕುನುಗ್ಗಲು. ಬೆವರಿಗೆ ಸ್ವಲ್ಪ ಅತ್ತರು ಬೆರೆತಿರುತ್ತದೆ, ಅಷ್ಟೆ. ಟ್ಯಾಕ್ಸಿಯಲ್ಲಿ ಹೋದರೆ ಅದೇ ದಿಕ್ಕಿನ ಅದೇ ಜನರ ಕಾರುಗಳ ನಡುವೆ ಮೀಟರ್ ನೋಡುತ್ತ ಕೂರಬೇಕು. ಆಟೋಗಳು ಬಾಂದ್ರಾ, ಸಾಯನ್ ದಾಟಿ ದಕ್ಷಿಣಕ್ಕೆ ಬರುವಂತಿಲ್ಲ. ಚರ್ಚ್‌ಗೇಟಿನಲ್ಲಿ ಆಟೋದವನ ಜೊತೆ ಚೌಕಾಸಿಗೆ ಸಿದ್ಧನಾಗಿ ನಿಂತ ಬೆಂಗಳೂರಿಗ ಎದುರಾಳಿಯೇ ಇಲ್ಲದೆ ಸೋಲುತ್ತಾನೆ. ಬಂದರಿನ ಊರಲ್ಲವೇ, ದೋಣಿಯಲ್ಲಿ ಹೋಗೋಣವೆಂದರೆ ಗೇಟ್‌ವೇಯ ಲಾಂಚುಗಳು ಎಲಿಫೆಂಟಾಕ್ಕೋ ಮಾಂಡವಾಕ್ಕೋ ಬಂದರನ್ನು ಅಡ್ಡ ದಾಟುತ್ತವೆಯೇ ಹೊರತು ಊರಿನ ಉದ್ದಕ್ಕೆ ಹೋಗುವುದಿಲ್ಲ.

ಗಟ್ಟಿಯಾದ ಆಕ್ಷೇಪ ಒಂದಿದೆ: ಕಚೇರಿಗಳು ಈಗ ಉತ್ತರದ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿಗೂ ಅಂಧೇರಿಗೂ ಹೋಗಿವೆ, ನಿಮ್ಮ ದಿಕ್ಕಿನ ಸಿದ್ಧಾಂತ ಹಳಸಿತು ಎಂಬುದು. ಅರ್ಧ ಒಪ್ಪುತ್ತೇನೆ. ಬೆಳಗ್ಗೆ ಉತ್ತರಕ್ಕೆ ಹೋಗುವ ಗಾಡಿಯಲ್ಲೂ ಅಂಧೇರಿಯವರೆಗೆ ಜನ ನಿಂತಿರುತ್ತಾರೆ. ಆದರೆ ನಿಂತು ಹೋಗುವುದಕ್ಕೂ ಬಾಗಿಲಲ್ಲಿ ನೇತಾಡುವುದಕ್ಕೂ ವ್ಯತ್ಯಾಸವಿದೆ. ನಿಲ್ಲುವುದೂ ಬೇಡವೆಂದರೆ 2025ರಲ್ಲಿ ಕಫ್ ಪರೇಡಿನವರೆಗೆ ಪೂರ್ತಿಯಾದ ನೆಲದಡಿಯ ಮೆಟ್ರೋವನ್ನು ಪರೀಕ್ಷಿಸಿ ನೋಡಬಹುದು.

ಇನ್ನು ದೂರದ ಉಪನಗರ ಡೊಂಬಿವಲಿಯ ನೆಂಟರ ಮನೆಯಲ್ಲಿ ಇಳಿದವರ ಪಾಡು. ಅವರೂ ಬೆಳಗ್ಗೆ ಎಲ್ಲರಂತೆ ದಕ್ಷಿಣಕ್ಕೇ ಬರಬೇಕಾದ್ದರಿಂದ ಎದುರು ದಿಕ್ಕಿನ ಭಾಗ್ಯವಿಲ್ಲ, ಆದರೆ ಹೊತ್ತು ಕೈಯಲ್ಲಿದೆ. ನಿಧಾನವಾಗಿ ತಿಂಡಿ ತಿಂದು ಹನ್ನೊಂದರ ಮೇಲೆ ಹೊರಡಲಿ, ನಾಲ್ಕರೊಳಗೆ ಮರಳಲಿ. ಮನೆಯ ಯಜಮಾನರು ಎಂಟರ ಫಾಸ್ಟಿಗೆ ಓಡುತ್ತ, 'ಜೊತೆಗೇ ಬನ್ನಿ, ದಾರಿ ತೋರಿಸ್ತೀನಿ' ಎಂದು ಎಷ್ಟೇ ಪ್ರೀತಿಯಿಂದ ಕರೆದರೂ ಹೊಟ್ಟೆನೋವು ಎಂದುಬಿಡುವುದು ಕ್ಷೇಮ.