ಖೋಲಿತೋಟಿಗ

ಮಲಗುವ ಖೋಲಿಯಲ್ಲಿ ಕುಂಡ ಇಟ್ಟು, ಅದರಲ್ಲಿ ಹೂವು ಬಿಡದ, ಹಣ್ಣು ಕೊಡದ, ಪಲ್ಯಕ್ಕೂ ಬಾರದ ಗಿಡವೊಂದನ್ನು ನೆಟ್ಟು, ಹೊತ್ತಲ್ಲದ ಹೊತ್ತಿನಲ್ಲಿ ಅದಕ್ಕೆ ನೀರು ಹಾಕುವ ಗೃಹಸ್ಥನೇ ಖೋಲಿತೋಟಿಗ. ಕೊಪ್ಪಳ ಜಿಲ್ಲೆಯಲ್ಲಿ ಇವನು ಇತ್ತೀಚಿನ ತಳಿ. ವಯಸ್ಸು ಮೂವತ್ತೈದರಿಂದ ಐವತ್ತು. ಉದ್ಯೋಗ ಹೆಚ್ಚಾಗಿ ಮಾಸ್ತರಿಕೆ, ಬ್ಯಾಂಕು, ಇಲ್ಲವೇ ಯಾವುದಾದರೊಂದು ಕಚೇರಿ. ಹುಟ್ಟೂರು ಬಹುಮಟ್ಟಿಗೆ ಯಲಬುರ್ಗಾ ಅಥವಾ ಕುಷ್ಟಗಿ ಕಡೆಯ ಹಳ್ಳಿ. ವಾಸ ಕೊಪ್ಪಳದ ಅಥವಾ ಗಂಗಾವತಿಯ ಹೊಸ ಲೇಔಟಿನಲ್ಲಿ. ಊರಲ್ಲಿರುವ ಎಂಟೆಕರೆ ಎರಿ ಹೊಲವನ್ನು ಲಾವಣಿಗೆ ಕೊಟ್ಟು, ಇಲ್ಲಿ ಹತ್ತು ಬೈ ಹತ್ತರ ಖೋಲಿಯೊಳಗೆ ಒಟ್ಟು ನಾಲ್ಕು ಚದರಡಿ ಸಾಗುವಳಿ ಮಾಡುತ್ತಾನೆ.

ಈ ಭಾಗದ ಹಳೆಯ ಜಂತಿ ಮನೆಗಳಲ್ಲಿ ಇಂಥವನಿಗೆ ಜಾಗವೇ ಇರಲಿಲ್ಲ. ಎತ್ತು ಒಳಗೆ, ಗಿಡ ಹೊರಗೆ ಎಂಬುದು ಅಲ್ಲಿನ ಏರ್ಪಾಡು. ತಲಬಾಗಿಲು ದಾಟಿದರೆ ಎತ್ತು ಕಟ್ಟುವ ಗ್ವಾದಲಿ, ಅದರಾಚೆ ಕಟ್ಟೆ ಹತ್ತಿದರೆ ಪಡಸಾಲೆ, ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವ ಒಂದು ಕೋಲು ಬಿಸಿಲು. ಗಿಡವೆಂದರೆ ಅಂಗಳದ ತುಳಸಿ, ಹಿತ್ತಲಲ್ಲಿ ಬಚ್ಚಲ ನೀರು ಕುಡಿದು ಕೊಬ್ಬಿದ ಕರಿಬೇವು. ಸಿಮೆಂಟಿನ ಮನೆ ಬಂದು ಎತ್ತು ಹೊರಗೆ ಹೋದ ಮೇಲೆ ಗಿಡ ಒಳಗೆ ಬಂತು. ಎತ್ತು ನೀರಡಿಕೆಯಾದರೆ ಒದರುತ್ತಿತ್ತು. ಸಾಕೆನಿಸಿದರೆ ಬಾನಿಯಿಂದ ಮುಸುಡಿ ಎತ್ತುತ್ತಿತ್ತು. ಗಿಡಕ್ಕೆ ಈ ಎರಡೂ ಬರುವುದಿಲ್ಲ. ಖೋಲಿತೋಟಿಗನ ಕಷ್ಟವೆಲ್ಲ ಇಲ್ಲಿಂದಲೇ ಶುರು.

ಗಿಡ ಸಾಮಾನ್ಯವಾಗಿ ಜನವರಿಯಲ್ಲಿ ಬರುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಗೆ ಹೋದವನು ತೇರು ನೋಡಿ, ಮಹಾದಾಸೋಹದಲ್ಲಿ ರೊಟ್ಟಿ ಮಾದಲಿ ಉಂಡು, ಫಲಪುಷ್ಪ ಪ್ರದರ್ಶನ ಸುತ್ತಿ ಮನೆಗೆ ಬರುವಾಗ ಕೈಯಲ್ಲೊಂದು ಪ್ಲಾಸ್ಟಿಕ್ ಕುಂಡ ಇರುತ್ತದೆ. ಉಳಿದ ದಿನಗಳಿಗೆ, ಆಂಧ್ರದ ಕಡಿಯಂ ಕಡೆಯ ನರ್ಸರಿ ಗಿಡಗಳನ್ನು ಟಂಟಂನಲ್ಲಿ ಹೇರಿಕೊಂಡು ಓಣಿ ಓಣಿ ತಿರುಗುವವನಿದ್ದಾನೆ. ಯಾವ ಗಿಡ ಕೈಗೆತ್ತಿಕೊಂಡರೂ ಅವನ ಮಾತು ಒಂದೇ: "ದಿನಾ ಒಂದ್ ಗಿಲಾಸ್ ನೀರ್ ಹಾಕ್ರಿ ಸರ, ಸಾಯಂಗಿಲ್ಲ." ಸತ್ತರೆ ಅವನಿಗೆ ಮುಂದಿನ ವ್ಯಾಪಾರ. ಮನಿ ಪ್ಲಾಂಟ್ ಮಾತ್ರ ಕೊಳ್ಳುವಂಥದ್ದಲ್ಲ; ಕದ್ದು ತಂದರೇ ಕೈಹತ್ತುತ್ತದೆ ಎಂಬುದು ಎಲ್ಲ ಜಾತಿಮತಗಳೂ ಒಪ್ಪಿರುವ ಶಾಸ್ತ್ರ. ಹೀಗಾಗಿ ಸಹೋದ್ಯೋಗಿಯ ಮನೆಯ ಪೂಜೆಗೆ ಹೋದಾಗ, ಗೇಟಿನ ಬಳಿ ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿ, ಒಂದು ಗೇಣು ಬಳ್ಳಿ ಚಿವುಟಿ, ಪ್ರಸಾದದ ಜೊತೆಗೆ ಕರವಸ್ತ್ರದಲ್ಲಿ ಸುತ್ತಿಕೊಳ್ಳುತ್ತಾನೆ. ಸಹೋದ್ಯೋಗಿ ನೋಡಿಯೂ ನೋಡದಂತಿರುತ್ತಾನೆ. ಅವನ ಬಳ್ಳಿಯೂ ಹಾಗೇ ಬಂದದ್ದು.

ಈ ಗಿಡಗಳ ಹೆಸರನ್ನು ನಂಬುವ ಹಾಗಿಲ್ಲ. ಲಕ್ಕಿ ಬ್ಯಾಂಬೂ ಬಿದಿರಲ್ಲ, ಆಫ್ರಿಕಾದ ಡ್ರಸೀನ. ಅರೆಕಾ ಪಾಮ್ ಅಡಕೆಯಲ್ಲ, ಮಡಗಾಸ್ಕರಿನ ಬೇರೊಂದು ತಾಳೆ. ಮನಿ ಪ್ಲಾಂಟಿನ ತವರು ಪೆಸಿಫಿಕ್ ಸಾಗರದ ಮೊರಿಯಾ ದ್ವೀಪ. ಸ್ನೇಕ್ ಪ್ಲಾಂಟಿಗೂ ಹಾವಿಗೂ ಇರುವ ನಂಟು ಎಲೆಯ ಮೇಲಿನ ಪಟ್ಟೆಯಷ್ಟೇ. ಇಂಗ್ಲಿಷಿನಲ್ಲಿ ಅದಕ್ಕೆ ಅತ್ತೆಯ ನಾಲಿಗೆ ಎಂದೂ ಹೆಸರಿದೆ. ಅತ್ತೆ ಇರುವ ಮನೆಯಲ್ಲಿ ಈ ಹೆಸರನ್ನು ಯಾರೂ ಕನ್ನಡಕ್ಕೆ ತರುವುದಿಲ್ಲ.

ಏಕೆ ಬೇಕು ಇದು ಎಂದು ಕೇಳಿದರೆ ಖೋಲಿತೋಟಿಗನ ಬಳಿ ಉತ್ತರ ಸಿದ್ಧ: ಆಕ್ಸಿಜನ್. 1989ರಲ್ಲಿ ನಾಸಾ ಸಂಸ್ಥೆಯ ವುಲ್ವರ್ಟನ್ ಎಂಬ ವಿಜ್ಞಾನಿ ಮುಚ್ಚಿದ ಪೆಟ್ಟಿಗೆಯೊಳಗೆ ಗಿಡ ಇಟ್ಟು, ಅವು ಗಾಳಿಯಲ್ಲಿನ ಬೆಂಜೀನ್, ಫಾರ್ಮಾಲ್ಡಿಹೈಡ್‌ಗಳನ್ನು ಕಡಿಮೆ ಮಾಡುತ್ತವೆಂದು ತೋರಿಸಿದ್ದು ನಿಜ. 2009ರಲ್ಲಿ ದೆಹಲಿಯ ಕಮಲ್ ಮಿಯಾಟಲ್ ಎಂಬವರು ಅರೆಕಾ, ಸ್ನೇಕ್ ಪ್ಲಾಂಟ್, ಮನಿ ಪ್ಲಾಂಟ್ ಮೂರಿದ್ದರೆ ಮನೆಗೆ ಬೇಕಾದ ತಾಜಾ ಗಾಳಿ ಬೆಳೆದುಕೊಳ್ಳಬಹುದೆಂದು ಉಪನ್ಯಾಸ ಕೊಟ್ಟರು. ಮಲಗುವ ಖೋಲಿಗೆ ಅವರು ಹೇಳಿದ್ದು ಸ್ನೇಕ್ ಪ್ಲಾಂಟ್: ತಲೆಗೆ ಆರರಿಂದ ಎಂಟು, ಅದೂ ಸೊಂಟದೆತ್ತರದವು. ಗಂಡ, ಹೆಂಡತಿ, ಎರಡು ಮಕ್ಕಳೆಂದರೆ 24ರಿಂದ 32 ಕುಂಡ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಹಳೆಯ ಪ್ರಯೋಗಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕಿ, ಮನೆಯ ಕಿಟಕಿ ಬಾಗಿಲುಗಳಿಂದ ತಾನಾಗಿ ಆಡುವ ಗಾಳಿ ಮಾಡುವಷ್ಟು ಕೆಲಸವನ್ನು ಗಿಡ ಮಾಡಬೇಕಾದರೆ ಚದರ ಮೀಟರಿಗೆ 10ರಿಂದ 1000 ಗಿಡ ಬೇಕೆಂದರು. ಹತ್ತು ಬೈ ಹತ್ತರ ಖೋಲಿಗೆ ಕಡಿಮೆಯೆಂದರೂ 93. ಮಂಚವನ್ನು ಅಂಗಳಕ್ಕೆ ಹಾಕಬೇಕು. ಅಂಗಳದಲ್ಲಿ ಗಾಳಿ ಮೊದಲೇ ಇದೆ.

ಊರಿಂದ ಬಂದ ಅವ್ವನಿಗೆ ಈ ಯಾವ ಲೆಕ್ಕವೂ ಬೇಕಿಲ್ಲ. ಮಗನ ಖೋಲಿಯ ಬಾಗಿಲಲ್ಲಿ ನಿಂತು ಒಮ್ಮೆ ನೋಡಿ ಹೇಳುತ್ತಾಳೆ: "ಮಲಗೋ ಖೋಲ್ಯಾಗ ಕಸ ಯಾರರ ಬೆಳಸ್ತಾರೇನೋ ಯಪ್ಪಾ? ಹೊಲದಾಗಿನ ಕಸ ತಗದು ತಗದು ನನ್ನ ನಡಾ ಬಿದ್ದೈತಿ." ರಾತ್ರಿ ಹುಣಸೆ ಮರದ ಕೆಳಗೆ ಮಲಗಬಾರದು ಎಂಬ ಅವಳ ಕಾಯಿದೆ ಕುಂಡಕ್ಕೂ ಅನ್ವಯ. ಗಿಡ ರಾತ್ರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆನ್ನುವುದು ಸುಳ್ಳಲ್ಲ. ಆದರೆ ಮನುಷ್ಯನೊಬ್ಬ ದಿನವೊಂದಕ್ಕೆ ಬಿಡುವುದು ಹತ್ತಿರ ಹತ್ತಿರ ಒಂದು ಕಿಲೋ. ಕುಂಡದ್ದು ಅದರ ಮುಂದೆ ಲೆಕ್ಕಕ್ಕೇ ಇಲ್ಲ. ಆ ಅನಿಲದ ಹೆದರಿಕೆಗೆ ಯಾರನ್ನಾದರೂ ಖೋಲಿಯಿಂದ ಹೊರಹಾಕುವುದಾದರೆ ಮೊದಲ ಸರದಿ ಗೊರಕೆ ಹೊಡೆಯುವವನದು.

ಮಣ್ಣಿನ ವಿಷಯದಲ್ಲಿ ಖೋಲಿತೋಟಿಗ ಅಭಿಮಾನಿ. ಸ್ವಂತ ಹೊಲದ ಎರಿ ಮಣ್ಣನ್ನೇ ಚೀಲದಲ್ಲಿ ತುಂಬಿ, ಬಸ್ಸಿನಲ್ಲಿ ಕಾಲ ಕೆಳಗಿಟ್ಟುಕೊಂಡು ತರುತ್ತಾನೆ. ಬಿಳಿಜೋಳಕ್ಕೆ ಅದು ಬಂಗಾರ. ಕುಂಡದಲ್ಲಿ ಮಾತ್ರ ಅದರ ನಡತೆ ಬೇರೆ. ಹಸಿಯಾದರೆ ಉಬ್ಬಿ ಅಂಟಾಗುತ್ತದೆ. ಬೇರಿಗೆ ಉಸಿರಾಡಲು ಸಂದು ಇರುವುದಿಲ್ಲ. ಒಣಗಿದರೆ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಆಗ ಹಾಕಿದ ನೀರು ಬೇರನ್ನು ಮುಟ್ಟದೆ ಸಂದಿಯಲ್ಲಿಳಿದು ಕೆಳಗಿನ ತಟ್ಟೆಗೆ, ತಟ್ಟೆಯಿಂದ ಹಾಸಿಗೆಗೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್‌ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತಲ್ಲ, ಆಮೇಲೆ ಹೆಂಡತಿ ಈ ಸೋರಿಕೆಯನ್ನೂ ಅದೇ ಸಂಖ್ಯೆಯಿಂದ ಕರೆದರೆ ತಪ್ಪೆನ್ನಲಾಗದು. ಕೆಂಪು ಮಣ್ಣು, ಮರಳು, ಕಳಿತ ಗೊಬ್ಬರ ಕೂಡಿಸಬೇಕು, ತಳಕ್ಕೆ ತೂತು ಇರಬೇಕು ಎಂದು ಹೇಳುವವರು ದೂರವೇನಿಲ್ಲ. ಮುನಿರಾಬಾದಿನಲ್ಲಿ ತೋಟಗಾರಿಕೆ ಮಹಾವಿದ್ಯಾಲಯವೇ ಇದೆ. ಹುಣ್ಣಿಮೆಗೊಮ್ಮೆ ಹುಲಿಗೆಮ್ಮನ ದರ್ಶನಕ್ಕೆ ಆ ಕಡೆ ಹೋಗಿಬರುವ ಖೋಲಿತೋಟಿಗ ಅಲ್ಲಿ ವಿಚಾರಿಸುವುದಿಲ್ಲ. ರೈತನ ಮಗನಾಗಿ ಒಂದು ಕುಂಡದ ವಿಷಯ ಕೇಳಲು ಅವನಿಗೆ ನಾಚಿಕೆ.

ನೀರು ಹಾಕುವುದರಲ್ಲಿ ತಾಲೂಕಿನಿಂದ ತಾಲೂಕಿಗೆ ಪದ್ಧತಿ ಬೇರೆ. ಗಂಗಾವತಿಯವನು ಕಾಲುವೆ ಕಂಡವನು. ಅವನ ಕುಂಡ ಭತ್ತದ ಗದ್ದೆ, ಮಣ್ಣಿನ ಮೇಲೆ ಎರಡು ಬೆರಳು ನೀರು ನಿಂತರೇ ಸಮಾಧಾನ. ಯಲಬುರ್ಗಾ, ಕುಷ್ಟಗಿಯವನ ರೋಗ ಇನ್ನೂ ಆಳದ್ದು. ರೋಹಿಣಿ ಮಳೆ ಬರಲಿಲ್ಲ, ಮಿರಗ ಬರಲಿಲ್ಲ ಎಂದು ಮುಗಿಲು ನೋಡುತ್ತ ಬೆಳೆದವನು ಅವನು. ತನ್ನ ಕೈಯಲ್ಲೇ ತಂಬಿಗೆ ಇರುವಾಗ ಯಾವ ಬೆಳೆಯೂ ಒಣಗಬಾರದೆಂದು ಹಟ ತೊಟ್ಟಿದ್ದಾನೆ. ಮುಂಜಾನೆ ಒಂದು ತಂಬಿಗೆ, ರಾತ್ರಿ ಮಲಗುವಾಗ ಗಂಟಲಿಗಿಷ್ಟು ಗಿಡಕ್ಕಿಷ್ಟು, ನಳ ಬಂದ ದಿನ ಹಬ್ಬ. ಮಣ್ಣಿಗೆ ಬೆರಳಿಳಿಸಿ ಎರಡನೇ ಗೆಣ್ಣಿನವರೆಗೆ ಒಣಗಿದ್ದರೆ ಮಾತ್ರ ಹಾಕಬೇಕು ಎಂಬುದು ನಿಯಮ. ಅವನ ಬೆರಳಿಗೆ ಒಣ ಮಣ್ಣು ಸಿಕ್ಕ ದಿನವೇ ಇಲ್ಲ. ನೀರು ಸಾಲದಿದ್ದರೂ ಎಲೆ ಬಾಡುತ್ತದೆ, ಬೇರು ಕೊಳೆತರೂ ಬಾಡುತ್ತದೆ. ಬಾಡಿದ ಎಲೆ ನೋಡಿ ಅವನು ಇನ್ನೊಂದು ತಂಬಿಗೆ ತರುತ್ತಾನೆ. ಬರಗಾಲದ ಸೀಮೆಯವನ ಖೋಲಿಯಲ್ಲಿ ಗಿಡಗಳು ನೆರೆಯಿಂದ ಸಾಯುತ್ತವೆ.

ನೀರಿನ ಹಂಚಿಕೆ ಮಾತ್ರ ತುಂಗಭದ್ರಾ ಎಡದಂಡೆ ಕಾಲುವೆಯದೇ ಪಡಿಯಚ್ಚು. 227 ಕಿಲೋಮೀಟರಿನ ಆ ಕಾಲುವೆಯಲ್ಲಿ ಗಂಗಾವತಿ, ಕಾರಟಗಿ ಮೇಲ್ಭಾಗ. ಮಾನ್ವಿ, ರಾಯಚೂರು ಕೊನೆಭಾಗ. ಮೇಲಿನವರಿಗೆ ಮೊಣಕಾಲುದ್ದ, ಕೊನೆಯವರಿಗೆ ಮನವಿಪತ್ರ. ಖೋಲಿಯಲ್ಲಿ ಬಚ್ಚಲ ಬಾಗಿಲಿಗೆ ಹತ್ತಿರದ ಅರೆಕಾ ಮೇಲ್ಭಾಗ. ಕಿಟಕಿಯ ಸ್ನೇಕ್ ಪ್ಲಾಂಟ್ ನಡುಭಾಗ. ತಂಬಿಗೆ ಅಲ್ಲಿಗೆ ಖಾಲಿ. ತಿಜೂರಿಯ ಮೇಲೆ, ಮದುವೆಯಲ್ಲಿ ಬಂದ ಸೂಟ್‌ಕೇಸಿನ ಹಿಂದೆ ಇರುವ ಝಡ್‌ಝಡ್ ಗಿಡ ಕೊನೆಭಾಗ. ಅಲ್ಲಿಗೆ ನೀರು ಮುಟ್ಟಿದ ದಾಖಲೆಯಿಲ್ಲ. ನಡುವೆ ಅಕ್ರಮ ನೀರಾವರಿಯೂ ಉಂಟು: ಹೆಂಡತಿ ಹಳೆಯ ಬಕೆಟ್ಟಿನಲ್ಲಿ ಬಿತ್ತಿದ ಕೊತ್ತಂಬರಿ. ಭಾನುವಾರ ಚಹದ ಹೊತ್ತಿಗೆ ನೀರಾವರಿ ಸಲಹಾ ಸಮಿತಿಯ ಸಭೆ ಕೂಡುತ್ತದೆ, ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ಆನ್ ಅಂಡ್ ಆಫ್ ಪದ್ಧತಿ ಎಂದು ತೀರ್ಮಾನವಾಗುತ್ತದೆ, ಸೋಮವಾರ ಮುರಿಯುತ್ತದೆ. "ನೀವು ಮುಂಜಾನೆ ಹಾಕಿದ್ರೇನ್ರೀ? ನಾನೂ ಹಾಕೀನಿ" ಎಂದು ಹೆಂಡತಿ ಹೇಳುವಷ್ಟರಲ್ಲಿ ಮಗ ಮೂರನೆಯ ಸಲ ಹಾಕಿ ಆಟಕ್ಕೆ ಹೋಗಿರುತ್ತಾನೆ.

ಬಾಟಲಿಯ ನೀರಿನಲ್ಲಿಟ್ಟ ಬಳ್ಳಿಗೆ ತಪಾಸಣೆ ಬೇರೆ. ಡೆಂಗಿ ದಿನಗಳಲ್ಲಿ ಲಾರ್ವಾ ಸಮೀಕ್ಷೆಗೆ ಬರುವ ಆಶಾ ಕಾರ್ಯಕರ್ತೆ ಹೂಜಿ, ಬ್ಯಾರಲ್ಲು, ಕೂಲರ್ ಮುಗಿಸಿ ಖೋಲಿಗೆ ಬಂದು, ಮನಿ ಪ್ಲಾಂಟಿನ ಬಾಟಲಿಗೆ ಟಾರ್ಚ್ ಬಿಡುತ್ತಾಳೆ.

"ಸರ, ಇದರಾಗ ಹುಳ ಅದಾವ್ರಿ."

"ಅದು ಆಕ್ಸಿಜನ್ ಕೊಡತೈತ್ರಿ ಅಕ್ಕಾರ."

"ಕೊಡ್ಲಿ ಬಿಡ್ರಿ. ಡೆಂಗಿನೂ ಕೊಡತೈತಿ."

ಏಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಗೆ ಬರಲು ಒಂದು ವಾರ, ಹತ್ತು ದಿನ ಸಾಕು. ವಾರಕ್ಕೊಮ್ಮೆ ನೀರು ಚೆಲ್ಲಿ ಬಾಟಲಿ ತಿಕ್ಕಬೇಕು. ಕುಂಡಕ್ಕೆ ದಿನಕ್ಕೆರಡು ಸಲ ನೀರು ಹಾಕುವವನಿಗೆ ಬಾಟಲಿಯ ನೀರು ಬದಲಿಸುವುದು ಮಾತ್ರ ತಿಂಗಳಾದರೂ ನೆನಪಾಗುವುದಿಲ್ಲ.

ಇನ್ನು ನೀರಿನ ಗುಣ. ಯಲಬುರ್ಗಾ, ಕುಷ್ಟಗಿ ಕಡೆಯ ಎಷ್ಟೋ ಬೋರ್‌ವೆಲ್ಲುಗಳಲ್ಲಿ ಫ್ಲೋರೈಡ್ ಹೆಚ್ಚು. ಜನರ ಹಲ್ಲಿನ ಮೇಲೆ ಅದರ ಕಂದು ಗೆರೆ ಕಾಣುತ್ತದೆ. ಡ್ರಸೀನ, ಸ್ಪೈಡರ್ ಪ್ಲಾಂಟ್‌ಗಳಿಗೂ ಅದು ಆಗದು, ಎಲೆಯ ತುದಿ ಸುಟ್ಟಂತೆ ಕಂದಾಗುತ್ತದೆ. ಇದನ್ನು ಮೊಬೈಲಿನಲ್ಲಿ ಓದಿದ ಖೋಲಿತೋಟಿಗ ಮರುದಿನದಿಂದ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ 20 ಲೀಟರಿನ ಕ್ಯಾನ್ ತಂದು ಲಕ್ಕಿ ಬ್ಯಾಂಬೂಗೆ ಮೀಸಲಿಡುತ್ತಾನೆ. ಮನೆಯ ಮಂದಿ ಬೋರಿನ ನೀರನ್ನೇ ಕುಡಿಯುತ್ತಿರುತ್ತಾರೆ. ಅವರ ತುದಿ ಇನ್ನೂ ಕಂದಾಗಿಲ್ಲ.

ಮೇ ತಿಂಗಳ ಹೊತ್ತಿಗೆ ಮೇಲ್ಭಾಗ, ನಡುಭಾಗ ಎರಡೂ ಬೋಳು. ಅರೆಕಾ ಒಣಗಿ ಪೊರಕೆಯಾಗಿದೆ, ಸ್ನೇಕ್ ಪ್ಲಾಂಟ್ ಬುಡ ಮೆತ್ತಗಾಗಿ ಒಂದು ಮುಂಜಾನೆ ತಾನೇ ಮಲಗಿದೆ, ಬ್ಯಾಂಬೂ ಹಳದಿ. ಬಿಸಿಲು ನಲವತ್ತು ದಾಟಿದ ಆ ದಿನಗಳಲ್ಲಿ ಬೀಗರ ಮದುವೆಗೆಂದು ಸೂಟ್‌ಕೇಸ್ ಇಳಿಸಲು ಸ್ಟೂಲು ಹತ್ತಿದ ಖೋಲಿತೋಟಿಗನಿಗೆ ತಿಜೂರಿಯ ಮೇಲಿನ ಝಡ್‌ಝಡ್ ಕಣ್ಣಿಗೆ ಬೀಳುತ್ತದೆ. ಮಣ್ಣು ಕಲ್ಲಾಗಿದೆ, ಎಲೆ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು, ಧೂಳಿನ ನಡುವೆ ಒಂದು ಎಳೆ ಹಸಿರು ಚಿಗುರು. ಪೂರ್ವ ಆಫ್ರಿಕಾದ ಒಣ ಸೀಮೆಯ ಈ ಗಿಡ ಮಣ್ಣೊಳಗಿನ ಗೆಡ್ಡೆಯಲ್ಲಿ ನೀರು ಕೂಡಿಟ್ಟುಕೊಂಡು ತಿಂಗಳುಗಟ್ಟಲೆ ಕಾಯಬಲ್ಲದು. ಅಷ್ಟು ದಿನ ಅದನ್ನು ಮರೆತೆನಲ್ಲ ಎಂದು ಅವನ ಕರುಳು ಚುರ್ ಎನ್ನುತ್ತದೆ. ಎರಡೂ ಕೈಯಲ್ಲಿ ಹಿಡಿದು ಇಳಿಸುತ್ತಾನೆ, ಹಸಿ ಅರಿವೆಯಿಂದ ಎಲೆ ಎಲೆ ಒರೆಸುತ್ತಾನೆ, ಬಚ್ಚಲ ಬಾಗಿಲ ಬಳಿ ಅರೆಕಾ ಇದ್ದ ಜಾಗದಲ್ಲಿ ಇಟ್ಟು ಒಂದು ತಂಬಿಗೆ ನೀರು ಹಾಕುತ್ತಾನೆ. ಸಂಜೆ ಇನ್ನೊಂದು.